ಶಿಂಶೆಯ ದಂಡೆಯ ಕಡಬ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಡಬ ಎಂಬ ಗ್ರಾಮವಿದೆ. ದಕ್ಷಿಣ ಕನ್ನಡ ಜಿಲ್ಲೆಯ ಕಡಬ ಬೇರೆ, ಇದು ಬೇರೆ. ಗುಬ್ಬಿಯ ನೈರುತ್ಯಕ್ಕೆ, ರೈಲುಮಾರ್ಗದ ಗದ್ದಲಕ್ಕೆ ಸಿಗದೆ, ಶಿಂಶಾ ನದಿಯ ಮಗ್ಗುಲಲ್ಲಿ ತನ್ನ ಪಾಡಿಗೆ ತಾನಿರುವ ಊರು. ಇಂದು ಹೋಬಳಿ ಕೇಂದ್ರವಷ್ಟೇ. ಆದರೆ 1870ರ ದಶಕದಲ್ಲಿ ಬಿ.ಎಲ್. ರೈಸ್ ಅವರು ಮೈಸೂರು ಗೆಜೆಟಿಯರ್ ಸಿದ್ಧಪಡಿಸಿದಾಗ ಈ ಪ್ರದೇಶವೆಲ್ಲ ‘ಕಡಬ ತಾಲ್ಲೂಕು’ ಎಂದೇ ದಾಖಲಾಗಿತ್ತು. ಅನಂತರ ಗುಬ್ಬಿ ಬೆಳೆಯಿತು. ತಾಲ್ಲೂಕಿಗೂ ಗುಬ್ಬಿಯ ಹೆಸರೇ ನಿಂತಿತು. ಕಡಬಕ್ಕೆ ಉಳಿದದ್ದು ಒಂದು ನದಿ, ಒಂದು ಕೆರೆ ಮತ್ತು ಒಂದು ತಾಮ್ರಶಾಸನದ ಕೀರ್ತಿ.

ಮೊದಲು ನದಿಯ ಮಾತು. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟಸಾಲು ನಮ್ಮ ಸೀಮೆಯ ನೀರಿನ ತವರು. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಶೆ ದಕ್ಷಿಣದ ಹಾದಿ ಹಿಡಿದು ಗುಬ್ಬಿ, ತುರುವೇಕೆರೆ, ಕುಣಿಗಲ್ ಸೀಮೆಗಳನ್ನು ದಾಟಿ, ಮದ್ದೂರು ಮಳವಳ್ಳಿಗಳ ಮೂಲಕ ಸುಮಾರು 221 ಕಿಲೋಮೀಟರ್ ಹರಿದು ಕಾವೇರಿಯೊಡನೆ ಒಂದಾಗುತ್ತದೆ. ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆ ಬೇರೆ ಮನೆ ಸೇರಿದ ಅಕ್ಕತಂಗಿಯರಂತೆ ಈ ಎರಡು ಹೊಳೆಗಳು. ಸ್ಥಳಪುರಾಣಗಳಲ್ಲಿ ಶಿಂಶೆಗೆ ಕದಂಬ ನದಿಯೆಂಬ ಹೆಸರೂ ಉಂಟು. ಕಡಬವೆಂಬ ಹೆಸರು ಕದಂಬ ಋಷಿಯಿಂದ ಬಂತೆಂಬುದು ಐತಿಹ್ಯ.

ಕಡಬದ ದೊಡ್ಡ ಕೆರೆ ಈ ಹೊಳೆಗೆ ಏರಿ ಕಟ್ಟಿ ಮಾಡಿದ್ದು. ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಇಲ್ಲಿ ಬೀಡುಬಿಟ್ಟನೆಂದೂ, ಸೀತೆಯ ಇಷ್ಟದಂತೆ ಈ ಕೆರೆ ಕಟ್ಟಿಸಿದನೆಂದೂ ಹಿರಿಯರು ಹೇಳುವರು. ಇದನ್ನು ಚರಿತ್ರೆಯೆಂದು ಒಪ್ಪುವುದು ಬೇಡ. ಆದರೆ ಅದರೊಳಗಿನ ಭಾವವನ್ನು ಗಮನಿಸಬೇಕು. ತಮಗೆ ಅನ್ನ ನೀಡುವ ಕೆರೆಯನ್ನು ಕಟ್ಟಿದವನು ಸಾಮಾನ್ಯನಾಗಿರಲಾರ ಎಂದು ಬಗೆದ ಜನ ಅದನ್ನು ರಾಮನಿಗೇ ಒಪ್ಪಿಸಿದರು. ಕೇಳಿದವಳು ಸೀತೆ ಎಂಬುದೂ ಅರ್ಥಪೂರ್ಣ. ಮನೆಗೆ ನೀರು ಹೊರುವವಳಿಗಲ್ಲವೇ ನೀರಿನ ಬೆಲೆ ಮೊದಲು ತಿಳಿಯುವುದು!

ಇನ್ನು ತಾಮ್ರಶಾಸನ. ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ‘ಕಡಬದ ತಾಮ್ರಪಟ’ಗಳ ಹೆಸರು ಹೊಸದಲ್ಲ. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ (1904) ಅದು ಗುಬ್ಬಿ ತಾಲ್ಲೂಕಿನ 61ನೆಯ ಶಾಸನ. ಶಕ ವರ್ಷ 735, ಅಂದರೆ ಕ್ರಿ.ಶ. 812–13ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನು ಮಯೂರಖಂಡಿಯ ಬೀಡಿನಿಂದ ಹೊರಡಿಸಿದ ದಾನಪತ್ರವಿದು. ಗೋವಿಂದನೆಂದರೆ ಅಮೋಘವರ್ಷ ನೃಪತುಂಗನ ತಂದೆ. ಆಗ ಗಂಗರ ನಾಡು ರಾಷ್ಟ್ರಕೂಟರ ಅಂಕೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಚಾಕಿರಾಜ.

ಶಾಸನ ಹೇಳುವ ಸಂಗತಿ ಕುತೂಹಲಕರ. ಚಾಕಿರಾಜನ ಸೋದರಳಿಯ ವಿಮಲಾದಿತ್ಯ. ಚಾಲುಕ್ಯ ವಂಶದವನು, ಯಶೋವರ್ಮನ ಮಗ, ಬಲವರ್ಮನ ಮೊಮ್ಮಗ. ಅವನಿಗೆ ಶನಿಪೀಡೆ ತಗುಲಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿಗಳು ಆ ಪೀಡೆಯನ್ನು ಪರಿಹರಿಸಿದರು. ಕೃತಜ್ಞನಾದ ಚಾಕಿರಾಜನು ಚಕ್ರವರ್ತಿಯನ್ನು ಬೇಡಿಕೊಂಡ. ಗೋವಿಂದನು ಮಾನ್ಯಪುರದ ಪಶ್ಚಿಮಕ್ಕಿದ್ದ ಶಿಲಾಗ್ರಾಮದ ಜಿನಾಲಯಕ್ಕೆಂದು ಜಾಲಮಂಗಲವೆಂಬ ಗ್ರಾಮವನ್ನು ಮುನಿಗಳಿಗೆ ದಾನವಿತ್ತ. ಮಾನ್ಯಪುರವೆಂದರೆ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಅರ್ಕಕೀರ್ತಿಗಳು ಯಾಪನೀಯ ಸಂಘದವರಾದ್ದರಿಂದ, ಕಾಲಗರ್ಭದಲ್ಲಿ ಮರೆಯಾದ ಆ ಜೈನ ಪಂಥದ ಚರಿತ್ರೆಗೂ ಇದು ಮುಖ್ಯ ಆಧಾರ. ಈ ಪಟಗಳ ಅಸಲಿತನವನ್ನು ಶಂಕಿಸಿದ ವಿದ್ವಾಂಸರೂ ಉಂಟು. ಆದರೂ ಗಂಗ–ರಾಷ್ಟ್ರಕೂಟರ ಇತಿಹಾಸ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ದಾನ ಕೊಟ್ಟ ಬೀಡು ದೂರದ ಮಯೂರಖಂಡಿ. ದಾನ ಪಡೆದ ಜಿನಾಲಯ ಮಣ್ಣೆಯ ಬಳಿ. ದಾನವಾದ ಹಳ್ಳಿ ಜಾಲಮಂಗಲ. ಕಡಬದ ಪಾತ್ರವೆಂದರೆ ಪಟಗಳು ದೊರೆತ ಊರು ಎಂಬುದಷ್ಟೇ. ಅನಂತರ ಶ್ರೀವೈಷ್ಣವರ ನೆಲೆಯೆಂದು ಹೆಸರಾದ ಊರಿನಲ್ಲಿ ಜೈನರ ದಾನಪತ್ರ ಸಿಕ್ಕಿತೆಂಬುದು ಇನ್ನೊಂದು ವಿಶೇಷ.

ಹಾಗಾದರೆ ಈ ಶಾಸನಕ್ಕೂ ನಮ್ಮ ಸೀಮೆಗೂ ನಂಟೇ ಇಲ್ಲವೇ? ಇದೆ. ಶನಿಪೀಡಿತನಾದ ವಿಮಲಾದಿತ್ಯನು ಆಳುತ್ತಿದ್ದದ್ದು ‘ಕುನುಂಗಿಲ್’ ದೇಶವನ್ನು. ಅದೇ ಇಂದಿನ ಕುಣಿಗಲ್. ಶಿವನು ಕುಣಿದ ಕಲ್ಲಿನಿಂದ ‘ಕುಣಿಗಲ್’ ಆಯಿತೆಂಬ ಕಥೆ ಜನರಲ್ಲಿದೆ. ಆದರೆ 1200 ವರ್ಷಗಳ ಹಿಂದೆಯೇ ಆ ಹೆಸರು ಬೇರೊಂದು ರೂಪದಲ್ಲಿತ್ತೆಂದು ತೋರಿಸುವುದು ಕಡಬದ ತಾಮ್ರ. ಹೊಳೆಯ ಮೇಲ್ಗಡೆಯ ಊರಿನಲ್ಲಿ ಸಿಕ್ಕ ಬರಹ ಹೊಳೆಯ ಕೆಳಗಡೆಯ ಊರಿನ ಚರಿತ್ರೆಯನ್ನು ಕಾಪಾಡಿತು.

ನೀರಿನ ಲೆಕ್ಕದಲ್ಲಿಯೂ ಈ ಎರಡು ಸೀಮೆಗಳು ಹೀಗೆಯೇ ಬೆಸೆದುಕೊಂಡಿವೆ. ಹಳೆಯ ಕೆರೆಗಳ ಏರ್ಪಾಡಿನಲ್ಲಿ ಯಾವ ಕೆರೆಯೂ ಒಂಟಿಯಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ತೂಬಿನಿಂದ ಗದ್ದೆಗೆ, ಗದ್ದೆಯಿಂದ ಬಸಿದು ಮತ್ತೆ ಹಳ್ಳಕ್ಕೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನೀರುಗಂಟಿ ನಿರ್ಧರಿಸುತ್ತಿದ್ದ. ಕಡಬದ ಕೆರೆಯಿಂದ ಮುಂದೆ ಸಾಗುವ ಶಿಂಶೆಗೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಣೆಕಟ್ಟು ಕಟ್ಟಲಾಯಿತು. ಜಲಾಶಯ ತುಂಬಿದೊಡನೆ ತಾನಾಗಿಯೇ ನೀರು ಹೊರಬಿಡುವ ಅದರ ಸೈಫನ್ ವ್ಯವಸ್ಥೆ ಹೆಸರಾದದ್ದು.

ಮಳೆ ನೆಚ್ಚಿದ ಶಿಂಶೆ ಸಾಲದಾದಾಗ ಹೇಮಾವತಿ ಬಂದಳು. ಗೊರೂರಿನ ಅಣೆಕಟ್ಟಿನಿಂದ ಹೊರಟು, ಬಾಗೂರು–ನವಿಲೆ ಸುರಂಗ ದಾಟಿ ಬರುವ ನಾಲೆ ನಮ್ಮ ಜಿಲ್ಲೆಯ ಕೆರೆಗಳಿಗೆ ಜೀವ ಕೊಟ್ಟಿತು. ಆದರೆ ಜೊತೆಗೆ ಜಗಳವೂ ಬಂತು. ಕುಣಿಗಲ್ ಕಡೆಗೆ ನೇರವಾಗಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ತಿಂಗಳಿನಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ರೈತರು ದೊಡ್ಡ ಪ್ರತಿಭಟನೆ ನಡೆಸಿದರು. ತಮ್ಮ ತೆಂಗು ಅಡಕೆ ತೋಟಗಳು ಒಣಗುವವೆಂಬ ಭಯ ಇವರದು. ನಾಲೆಯ ತುದಿಗಿರುವ ತಮಗೆ ಪಾಲಿನ ನೀರು ಎಂದೂ ತಲುಪಲಿಲ್ಲವೆಂಬ ದೂರು ಅವರದು. ಎರಡರಲ್ಲಿಯೂ ನಿಜವಿದೆ. ಪರಿಹಾರ ಹೇಳುವುದು ತಜ್ಞರ ಕೆಲಸ. ಆದರೆ ‘ಅವರು ಬೇರೆ, ನಾವು ಬೇರೆ’ ಎಂಬ ಮಾತು ಎದ್ದಾಗ ಚರಿತ್ರೆ ಬಲ್ಲವರು ಸುಮ್ಮನಿರಬಾರದು. ಗುಬ್ಬಿಯ ಮಳೆ ಕುಣಿಗಲ್ಲಿಗೆ ಹರಿದಿದೆ; ಕುಣಿಗಲ್ಲಿನ ಹೆಸರು ಗುಬ್ಬಿಯ ನೆಲದಲ್ಲಿ ದೊರೆತಿದೆ. ಹೇಮಾವತಿ, ಶಿಂಶೆಯರಿಬ್ಬರೂ ಕೊನೆಗೆ ಸೇರುವುದು ಒಬ್ಬಳೇ ಕಾವೇರಿಯನ್ನು.

ಗುಬ್ಬಿ, ಕುಣಿಗಲ್ಲುಗಳ ಶಾಲೆಗಳಲ್ಲಿ ಮಕ್ಕಳಿಗೆ ಮಯೂರಖಂಡಿಯನ್ನು ಕಲಿಸುವಾಗ, ಆ ದೂರದ ಬೀಡಿನ ಮಾತನ್ನು ನಮಗೆ ಮುಟ್ಟಿಸಿದ ಕಡಬವನ್ನೂ ಭೂಪಟದಲ್ಲಿ ಬೆರಳಿಟ್ಟು ತೋರಿಸಲಿ. ಕೆರೆಯ ಏರಿಯ ಮೇಲೊಮ್ಮೆ ಅವರನ್ನು ನಡೆಸಿಕೊಂಡು ಹೋಗಲಿ. ತೂಬೆಂದರೇನು, ಕೋಡಿಯೆಂದರೇನು, ಕೋಡಿ ಬಿದ್ದ ನೀರು ಮುಂದೆ ಯಾರ ಊರಿಗೆ ಹೋಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡು ತಿಳಿಯಲಿ.