ಹೆಂಜೇರಿನಿಂದ ಹೇಮಾವತಿಗೆ: ಮಡಕಶಿರಾ ಸೀಮೆಯ ಗಡಿ ಮತ್ತು ಕನ್ನಡ

ನಾನು ಇವತ್ತು ಮಾತಾಡಲಿಕ್ಕೆ ಆರಿಸಿಕೊಂಡಿರುವುದು ಆಂಧ್ರಪ್ರದೇಶದ ಮಡಕಶಿರಾ ಸೀಮೆ, ಅದರಲ್ಲೂ ಅಲ್ಲಿನ ಹೇಮಾವತಿ ಎಂಬ ಊರು. ಏಪ್ರಿಲ್ ಬಿಸಿಲಿನಲ್ಲಿ ಅಲ್ಲಿ ಓಡಾಡಿ ಬಂದ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ: ಈ ಸೀಮೆಗೂ ಕರ್ನಾಟಕಕ್ಕೂ ನಡುವೆ ಗಡಿ ಬಂದದ್ದು ಯಾವಾಗ?

ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ, "1956ರಲ್ಲಿ". ಏಕೀಕರಣದ ಹೊತ್ತಿಗೆ ನಮ್ಮ ಕೈ ತಪ್ಪಿದ ಪ್ರದೇಶಗಳು ಅಂತ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಇವುಗಳ ಚರಿತ್ರೆ ಒಂದೇ ಅಲ್ಲ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅತ್ತ ಹೋದವು. ಅದೇ ದಿನ ಬಳ್ಳಾರಿ ಜಿಲ್ಲೆಯ ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಮಡಕಶಿರಾದ ಕತೆ ಬೇರೆ. ಅದು ಮೈಸೂರಿನಿಂದ ಬೇರೆಯಾಗಿ ಇನ್ನೂರು ವರ್ಷ ದಾಟಿದೆ. 1799ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಮೈಸೂರಿನ ಉತ್ತರದ ಸೀಮೆಗಳಲ್ಲಿ ಒಂದು ಪಾಲು ಹೈದರಾಬಾದಿನ ನಿಜಾಮರಿಗೆ ಹೋಯಿತು. ಮರುವರ್ಷ, 1800ರಲ್ಲಿ, ಕಂಪನಿಯ ಸೈನ್ಯದ ಖರ್ಚಿಗೆಂದು ನಿಜಾಮರು ಅದನ್ನು ಕಂಪನಿಗೆ ಬಿಟ್ಟುಕೊಟ್ಟರು. 'ದತ್ತ ಮಂಡಲ' ಅಂತ ಕರೆಯುವುದು ಇದನ್ನೇ. ಥಾಮಸ್ ಮನ್ರೋ ಇಲ್ಲಿಗೆ ಪ್ರಧಾನ ಕಲೆಕ್ಟರಾಗಿ ಬಂದ. ಶಿರಾ, ಮಧುಗಿರಿ, ಪಾವಗಡಗಳು ಮೈಸೂರು ಸಂಸ್ಥಾನದಲ್ಲಿ ಉಳಿದವು, ಮಡಕಶಿರಾ ಮದ್ರಾಸ್ ಪ್ರೆಸಿಡೆನ್ಸಿಯದಾಯಿತು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಅದು ಅನಂತಪುರಕ್ಕೆ ಸೇರಿತು. 2022ರ ಏಪ್ರಿಲ್‌ನಿಂದ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಗಡಿ 1956ರದ್ದು ಅಂತಾದರೆ, ಅಲ್ಲಿ ಕನ್ನಡ ಉಳಿದಿರುವುದಕ್ಕೆ ಹಳೆಯ ನಂಟಿನ ನೆನಪೇ ಕಾರಣ ಎಂದು ಹೇಳಿ ಮುಗಿಸಬಹುದು. ಗಡಿ 1800ರದ್ದು ಅಂತಾದರೆ ಆ ಉತ್ತರ ಸಾಲುವುದಿಲ್ಲ. ಏಳೆಂಟು ತಲೆಮಾರು ಮೈಸೂರಿನ ಆಡಳಿತವೇ ಇಲ್ಲದೆ ಈ ಜನ ಕನ್ನಡದಲ್ಲಿ ಬದುಕಿದ್ದಾರೆ. ಹಾಗಾದರೆ ಭಾಷೆಯನ್ನು ಉಳಿಸಿದ್ದು ಸರ್ಕಾರವಲ್ಲ. ಮತ್ತೇನು? ಇದನ್ನು ಹುಡುಕುವುದೇ ಈ ಪ್ರಬಂಧದ ಉದ್ದೇಶ.

ಮೊದಲು ನೆಲದ ಬಗ್ಗೆ ಎರಡು ಮಾತು. ನಕ್ಷೆಯಲ್ಲಿ ನೋಡಿದರೆ ಮಡಕಶಿರಾ ಕರ್ನಾಟಕದ ಒಳಕ್ಕೆ ಚಾಚಿಕೊಂಡ ನಾಲಿಗೆ ಹಾಗೆ ಕಾಣುತ್ತದೆ. ಪಡುವಣಕ್ಕೆ ಶಿರಾ, ಹಿರಿಯೂರು, ತೆಂಕಣಕ್ಕೆ ಮಧುಗಿರಿ, ಬಡಗಣಕ್ಕೆ ಪಾವಗಡ. ಪಾವಗಡ ಹೇಗೆ ಆಂಧ್ರದ ನಡುವೆ ಸಿಕ್ಕಿಕೊಂಡಿದೆಯೋ ಹಾಗೇ ಇದು ಕರ್ನಾಟಕದ ನಡುವೆ. ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಇಲ್ಲಿನ ಮಂಡಲಗಳು. (ಈ ಗುಡಿಬಂಡೆ ಚಿಕ್ಕಬಳ್ಳಾಪುರ ಜಿಲ್ಲೆಯದಲ್ಲ, ಬೇರೆ.) ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಸುರಿದು ಬರಿದಾಗಿ ಇಲ್ಲಿಗೆ ಬರುತ್ತದೆ. ಹಿಂಗಾರು ಪೂರ್ವ ಕರಾವಳಿಯಿಂದ ಇಷ್ಟು ದೂರ ಬರುವ ಹೊತ್ತಿಗೆ ಸೋತಿರುತ್ತದೆ. ಹಳೆಯ ಅನಂತಪುರ ಜಿಲ್ಲೆಯ ವರ್ಷದ ಸರಾಸರಿ ಮಳೆ ಸುಮಾರು 550 ಮಿ.ಮೀ. ಅಷ್ಟೆ, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಬೋಳು ಬಂಡೆಗುಡ್ಡ, ಜಾಲಿ, ಕೆಂಪು ಮರಳುಮಣ್ಣಿನ ಹೊಲ. ಆದರೆ ಕೆರೆಯ ಕೆಳಗೆ ಮಾತ್ರ ತೆಂಗು, ಅಡಿಕೆ. ಬಿಸಿಲಲ್ಲಿ ಬಂದವನಿಗೆ ಆ ತೋಟಗಳನ್ನು ಕಂಡರೆ ಬೇರೆ ದೇಶಕ್ಕೇ ಬಂದ ಹಾಗಾಗುತ್ತದೆ.

ಮಡಕಶಿರಾ ಪಟ್ಟಣ ದೊಡ್ಡದೇನಲ್ಲ. ಹಿಂದೆ ಕೋಟೆಬೆಟ್ಟ, ಕೆಳಗೆ ಬಸ್ ಸ್ಟ್ಯಾಂಡು, ಆಫೀಸುಗಳು, ಅಂಗಡಿ ಸಾಲು. ಬೆಳಿಗ್ಗೆ ಹನ್ನೊಂದು ದಾಟಿತು ಅಂದರೆ ಬೀದಿ ಖಾಲಿ. ಟೀ ಅಂಗಡಿಯ ನೆರಳಿನಲ್ಲಿ ಕೂತಿದ್ದ ಒಬ್ಬ ಅಜ್ಜ, "ಯಾವ್ ಕಡೇರು ಸಾಮಿ? ಶಿರಾ ಕಡೇರಾ?" ಅಂದರು. ಅವರ ಕನ್ನಡಕ್ಕೂ ಶಿರಾದ ಸಂತೆಯಲ್ಲಿ ಕೇಳುವ ಕನ್ನಡಕ್ಕೂ ನನ್ನ ಕಿವಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬೆಳೆಗೆ 'ಕಡ್ಲೆಕಾಯಿ' ಅನ್ನುತ್ತಾರೆ, ಬಳ್ಳಾರಿ ಸೀಮೆಯ 'ಶೇಂಗಾ' ಇಲ್ಲಿಲ್ಲ. ಆದರೆ ಮಾತು ಜಮೀನಿನ ಕಾಗದಕ್ಕೆ ಬಂದ ಕೂಡಲೆ ಶಬ್ದಗಳು ಬದಲಾದವು. "ನಮ್ದು ಅಡಂಗಲ್ ಸಾಮಿ. ನಿಮ್ ಕಡೆ ಪಾಣಿ ಅಂತಾರಲ್ಲ, ಅದೇಯ. ಎಮ್ಮಾರ್ವೋ ಆಫೀಸ್ನಾಗೆ ಕೊಡ್ತಾರೆ" ಅಂದರು.

ಚರಿತ್ರೆಯ ವಿದ್ಯಾರ್ಥಿಗಳು ಈ ಒಂದು ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಪಹಣಿ ಮೈಸೂರಿನ ಕಂದಾಯ ಲೆಕ್ಕದ ಶಬ್ದ. ಅಡಂಗಲ್ ಮದ್ರಾಸ್ ಪ್ರೆಸಿಡೆನ್ಸಿಯ ಗ್ರಾಮಲೆಕ್ಕದ ಶಬ್ದ. ಎಮ್ಮಾರ್ವೋ ಅನ್ನುವುದು ಆಂಧ್ರದ ಮಂಡಲ ವ್ಯವಸ್ಥೆಯಿಂದ ಬಂದದ್ದು. ಅಜ್ಜನ ಒಂದೇ ಮಾತಿನಲ್ಲಿ ಮೂರು ಆಡಳಿತಗಳು ಒಂದರ ಮೇಲೊಂದು ಕೂತಿವೆ. ಹೊಲ, ಕಾಳು, ನಂಟಸ್ತನದ ಮಾತೆಲ್ಲ ಶಿರಾದ ಕನ್ನಡ, ಕಾಗದದ ಮಾತು ಮಾತ್ರ ಮದ್ರಾಸಿನದು, ಆಂಧ್ರದ್ದು. ಗಡಿಯ ವಯಸ್ಸು ಎಷ್ಟು ಅಂತ ಪತ್ರಾಗಾರಕ್ಕೆ ಹೋಗಿ ತಿಳಿಯುವಂತೆ ಹೀಗೂ ತಿಳಿಯಬಹುದು.

ಇನ್ನು ಹೇಮಾವತಿಗೆ ಬರೋಣ. ಅಮರಾಪುರ ಮಂಡಲದ ಈ ಊರು ಶಾಸನಗಳ ಹೆಂಜೇರು, ಪೆಂಜೇರು. ನೊಳಂಬರ ರಾಜಧಾನಿ. ಇಂದಿನ ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರ ಸೀಮೆಗಳಲ್ಲಿ ಹರಡಿದ್ದ 'ನೊಳಂಬವಾಡಿ ಮೂವತ್ತೆರಡು ಸಾವಿರ'ವನ್ನು ಆಳಿದವರು ಇವರು. ತಮ್ಮನ್ನು ಪಲ್ಲವ ವಂಶದವರೆಂದು ಕರೆದುಕೊಂಡರು, ಗಂಗರ ಜೊತೆ ಕಾದಾಡಿದರು, ನೆಂಟಸ್ತನವನ್ನೂ ಮಾಡಿದರು. ಇಲ್ಲಿನ ಕಂಬದ ಶಾಸನವೊಂದು ತ್ರಿನಯನ ಪಲ್ಲವನಿಂದ ಹಿಡಿದು ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ, ಅಣ್ಣಿಗ, ದಿಲೀಪನವರೆಗೆ ವಂಶಾವಳಿಯನ್ನು ಕೊಡುತ್ತದೆ. ನೊಳಂಬರ ಚರಿತ್ರೆ ಬರೆಯಲು ಕೂತವರು ಯಾರೂ ಈ ಕಂಬವನ್ನು ಬಿಟ್ಟು ಮುಂದಕ್ಕೆ ಹೋಗಲಾರರು.

ಅಂದರೆ ಇದು ಗಡಿಯ ಊರಲ್ಲ, ಒಂದು ಕಾಲಕ್ಕೆ ನಡುವಿನ ಊರು. ತುಮಕೂರು ಸೀಮೆಯ ಅರಳಗುಪ್ಪೆಯ ಕಲ್ಲೇಶ್ವರ, ಕೋಲಾರ ಸೀಮೆಯ ಆವನಿಯ ದೇವಾಲಯಗಳು, ನಂದಿಯ ಭೋಗನಂದೀಶ್ವರ, ಇವೆಲ್ಲದರ ಜೊತೆಗೂ ನೊಳಂಬರ ಹೆಸರು ಸೇರಿದೆ. ನಾವು ಬೆಂಗಳೂರಿನಿಂದ ನೋಡಿ ಇದನ್ನು 'ಗಡಿನಾಡು' ಅನ್ನುತ್ತೇವೆ. ಹತ್ತನೆಯ ಶತಮಾನದಲ್ಲಿ ನಿಂತು ನೋಡಿದರೆ ನಂದಿ, ಆವನಿಗಳೇ ಹೆಂಜೇರಿನ ಅಂಚಿನಲ್ಲಿವೆ.

ದೊಡ್ಡೇಶ್ವರ ದೇವಾಲಯದ ಎದುರು ನುಣುಪಾದ ಕರಿಕಲ್ಲಿನ ನಂದಿ, ಗೋಡೆಯಲ್ಲಿ ಶಿಲ್ಪ ಬಿಡಿಸಿದ ಜಾಲಂಧ್ರಗಳು. ಬಿಸಿಲಲ್ಲಿ ಮುಟ್ಟಿದರೆ ಕಲ್ಲು ಕೈ ಸುಡುತ್ತದೆ. ಒಳಗೆ ಕಾಲಿಟ್ಟರೆ ತಂಪು. ಆದರೆ ಹೆಂಜೇರಿನದ್ದೆಲ್ಲ ಹೆಂಜೇರಿನಲ್ಲಿಲ್ಲ. ಗಂಗ ದೊರೆ ಇಮ್ಮಡಿ ಮಾರಸಿಂಹನಿಗೆ 'ನೊಳಂಬಕುಲಾಂತಕ' ಅನ್ನುವ ಬಿರುದಿತ್ತು. ಅವನ ನಂತರ ಚೋಳರು ಬಂದರು. ರಾಜರಾಜ ಚೋಳನ ತಮಿಳು ಪ್ರಶಸ್ತಿ ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿ ಗಂಗಪಾಡಿಯ ಜೊತೆ 'ನುಳಂಬಪಾಡಿ'ಯನ್ನೂ ಸೇರಿಸುತ್ತದೆ. ತಂಜಾವೂರಿನ ಹತ್ತಿರ ತಿರುವೈಯಾರಿನ ಪಂಚನದೀಶ್ವರ ದೇವಾಲಯದ ಆವರಣದಲ್ಲಿ ನೊಳಂಬ ಶೈಲಿಯ ಕಂಬಗಳು ಇಂದಿಗೂ ನಿಂತಿವೆ. ಯುದ್ಧದಲ್ಲಿ ಗೆದ್ದು ಕಾವೇರಿಯ ಬಯಲಿಗೆ ಸಾಗಿಸಿದವು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಬ್ರಿಟಿಷರ ಕಾಲದಲ್ಲಿ ಮತ್ತಷ್ಟು ಶಿಲ್ಪಗಳು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವು. ಸಿ. ಶಿವರಾಮಮೂರ್ತಿ ಅವುಗಳ ಮೇಲೆ ಪುಸ್ತಕವನ್ನೇ ಬರೆದರು. ಹೀಗೆ ಒಂದೇ ಊರಿನ ಚರಿತ್ರೆಯನ್ನು ಓದಲಿಕ್ಕೆ ತಿರುವೈಯಾರಿಗೆ, ಚೆನ್ನೈಗೆ, ಮೈಸೂರಿಗೆ ಹೋಗಬೇಕು. ಊರಿನವರಿಗೆ ಉಳಿದದ್ದು ಗುಡಿ, ದೇವರು, ಭಾಷೆ.

ಈ ದೇವರ ಬಗ್ಗೆ ಸ್ವಲ್ಪ ಹೇಳಬೇಕು. ಸಿದ್ಧೇಶ್ವರ ದೇವಾಲಯದಲ್ಲಿ ಶಿವ ಲಿಂಗರೂಪದಲ್ಲಿಲ್ಲ, ಮನುಷ್ಯರೂಪದಲ್ಲಿ ಕೂತಿದ್ದಾನೆ. ಜನರ ಬಾಯಲ್ಲಿ ಅವನು ಹೆಂಜೇರಪ್ಪ. ಊರಿನ ಹೆಸರು ಹೇಮಾವತಿ ಆದರೂ ದೇವರು ಹಳೆಯ ಹೆಸರನ್ನು ಬಿಟ್ಟಿಲ್ಲ. ತುಮಕೂರು, ಚಿತ್ರದುರ್ಗ ಕಡೆಯ ಎಷ್ಟೋ ಒಕ್ಕಲುಗಳಿಗೆ ಇವನೇ ಮನೆದೇವರು. ನಾನು ಹೋದ ದಿನ ಗುಡಿಯ ನೆರಳಿನಲ್ಲಿ ಶಿರಾ ಕಡೆಯಿಂದ ಬಂದ ಒಂದು ಕುಟುಂಬ ಮಗುವಿನ ಮುಡಿ ಕೊಡಿಸಿ ಊಟಕ್ಕೆ ಕೂತಿತ್ತು. "ನೀವು ಆಂಧ್ರಕ್ಕೆ ಬಂದಿದೀರಲ್ಲ ಅಕ್ಕ" ಅಂತ ಕೇಳಿದೆ. ಹಿರಿಯ ಹೆಂಗಸು ನಕ್ಕುಬಿಟ್ಟರು. "ಆಂಧ್ರಕ್ಕೆ ಯಾಕ್ ಬರಾನಪ್ಪ, ನಾವ್ ಬಂದಿರಾದು ಹೆಂಜೇರಪ್ಪನ ತಾವ್ಕೆ" ಅಂದರು.

ನಾನು ಹುಡುಕುತ್ತಿದ್ದ ಉತ್ತರದ ಒಂದು ಭಾಗ ಇಲ್ಲಿದೆ. 1800ರ ಗೆರೆ ಕಂದಾಯವನ್ನು ಕತ್ತರಿಸಿತು, ಆದರೆ ಹರಕೆ, ಮದುವೆ, ಸಂತೆಯನ್ನು ಕತ್ತರಿಸಲಿಲ್ಲ. ಮಗಳನ್ನು ಮಧುಗಿರಿಗೆ ಕೊಟ್ಟು ಸೊಸೆಯನ್ನು ಪಾವಗಡದಿಂದ ತರುತ್ತಾರೆ. ಭಾಷೆ ಉಳಿದದ್ದು ಇಂಥ ಓಡಾಟದಲ್ಲಿ. ನೊಳಂಬವಾಡಿಯ ಹೆಸರೇ ಒಂದು ಸಮುದಾಯದ ಹೆಸರಾಗಿ, 'ನೊಣಬ' ಅಂತ ತುಮಕೂರು ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ ಅನ್ನುವುದನ್ನೂ ನೆನೆಯಬೇಕು.

ಉತ್ತರದ ಇನ್ನೊಂದು ಭಾಗ ನೀರಿನಲ್ಲಿದೆ. ನೊಳಂಬರ ನಂತರ ಈ ಸೀಮೆಯನ್ನು ಆಳಿದವರು ನಿಡುಗಲ್ಲಿನ ಚೋಳರು. ಆ ವಂಶದ ಇರುಂಗೋಳನ ಕಾಲದ, 1278ರ ಕನ್ನಡ ಶಾಸನವೊಂದು ಅಮರಾಪುರದಲ್ಲಿ ಸಿಕ್ಕಿದೆ. ಬ್ರಹ್ಮಜಿನಾಲಯ ಎಂಬ ಬಸದಿಗೆ ಮಲ್ಲಿಸೆಟ್ಟಿ ಎಂಬ ಶ್ರಾವಕ 2000 ಅಡಿಕೆ ಮರಗಳನ್ನು ಬಿಟ್ಟ ವಿಷಯ ಅದರಲ್ಲಿದೆ. ಯೋಚಿಸಿ, ಇಷ್ಟು ಕಡಿಮೆ ಮಳೆಯ ನೆಲದಲ್ಲಿ ಎರಡು ಸಾವಿರ ಅಡಿಕೆ ಮರ! ಕೆರೆ, ತೂಬು, ಕಾಲುವೆ ಇಲ್ಲದೆ ಇದು ಆಗುವ ಮಾತಲ್ಲ. ನೀರಿದ್ದ ಕಡೆ ಒಕ್ಕಲು ನೆಲೆ ನಿಂತಿತು, ನೆಲೆ ನಿಂತ ಕಡೆ ಮಾತು ನಿಂತಿತು. ಇಂದು ಕೆರೆಗಿಂತ ಬೋರ್‌ವೆಲ್ ನೆಚ್ಚಿಕೊಂಡವರೇ ಹೆಚ್ಚು. ಬೋರು ಬತ್ತಿದ ಮನೆಯ ಹುಡುಗರು ಬೆಂಗಳೂರಿನ ಬಸ್ ಹತ್ತುತ್ತಾರೆ. ಆದ್ದರಿಂದ ಭಾಷೆಯ ಚರಿತ್ರೆ ಬರೆಯುವಾಗ ಕೆರೆಗಳ ಚರಿತ್ರೆಯನ್ನು ಬಿಡುವ ಹಾಗಿಲ್ಲ.

ಕೊನೆಯದಾಗಿ ಶಾಲೆ. ಈ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರ ಏಳನೆಯ ತಿದ್ದುಪಡಿಯಲ್ಲಿ ಸೇರಿದ್ದು. 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತರುವ ಆದೇಶ ಹೊರಡಿಸಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆದರೆ ತಂದೆ ತಾಯಿಯ ಮನಸ್ಸಿನಲ್ಲಿರುವ ಆದೇಶವನ್ನು ಯಾವ ಕೋರ್ಟೂ ರದ್ದು ಮಾಡಲಾರದು. ಒಬ್ಬ ಮೇಷ್ಟ್ರು ನನಗೆ ಹೇಳಿದರು: "ಕಳಿಸೋ ಅಪ್ಪಂದಿರು ಕೇಳೋದು ಒಂದೇ ಮಾತು ಸಾರ್. ಕನ್ನಡದಾಗೆ ಓದಿ ಅನಂತಪುರದಾಗೆ ಏನ್ ಮಾಡ್ತಾನೆ? ನನ್ನ ಹತ್ರ ಉತ್ತರ ಇಲ್ಲ." ಆ ಅಪ್ಪಂದಿರನ್ನು ದೂರುವುದು ಸುಲಭ. ನಮ್ಮಲ್ಲಿ ಎಷ್ಟು ಜನ ನಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದ್ದೇವೆ ಅಂತ ಕೇಳಿಕೊಂಡರೆ ದೂರುವ ಬಾಯಿ ಮುಚ್ಚುತ್ತದೆ.

ನನ್ನ ವಾದವನ್ನು ಹೀಗೆ ಒಟ್ಟುಗೂಡಿಸುತ್ತೇನೆ. ಮಡಕಶಿರಾದಲ್ಲಿ ಆಡುವ ಕನ್ನಡಕ್ಕೆ ಈಗಲೇ ಅಪಾಯವಿಲ್ಲ, ಹರಕೆ ಮತ್ತು ನೆಂಟಸ್ತನ ಅದನ್ನು ಇನ್ನೂ ಕಾಯುತ್ತವೆ. ಅಪಾಯ ಇರುವುದು ಓದುವ ಕನ್ನಡಕ್ಕೆ. ಶಾಲೆ ಮುಚ್ಚಿದರೆ ಹೆಂಜೇರಪ್ಪನಿಗೆ ಕನ್ನಡದಲ್ಲಿ ಹರಕೆ ಹೇಳುವವರು ಇರುತ್ತಾರೆ, ಹೆಂಜೇರಿನ ಶಾಸನದ ಪಾಠವನ್ನು ಊರಿನಲ್ಲೇ ಓದುವವರು ಇರುವುದಿಲ್ಲ. ಆ ಶಾಸನಗಳ ಕಾಲಕ್ಕೆ ಕನ್ನಡ, ತೆಲುಗಿಗೆ ಬೇರೆ ಬೇರೆ ಲಿಪಿ ಇರಲಿಲ್ಲ. ಆದ್ದರಿಂದ ಇದು ತೆಲುಗಿನ ವಿರುದ್ಧದ ಮಾತೂ ಅಲ್ಲ. ತೆಲುಗು ಮಾಧ್ಯಮದ ಮಗುವಿಗೂ ಆ ಅಕ್ಷರಗಳನ್ನು ಕಲಿಸಬಹುದು. ಆದರೆ ಕೆರೆ, ತೋಟ, ಬಿತ್ತುವಟ್ಟದ ಮಾತನ್ನು ಮನೆಮಾತಾಗಿ ಹಿಡಿಯುವ ಮಗು ಬೇರೆ.

ನಮ್ಮ ಇಲಾಖೆಗಳಿಂದ ಆಗಬಹುದಾದ ಒಂದು ಕೆಲಸವಿದೆ, ಅದಕ್ಕೆ ಹೆಚ್ಚು ಹಣವೂ ಬೇಡ. ಹೇಮಾವತಿ, ಅಮರಾಪುರ ಸುತ್ತಲಿನ ಅಚ್ಚಾದ ಶಾಸನಗಳನ್ನು ಆರಿಸಿ, ಸರಳಗನ್ನಡದಲ್ಲಿ ಅರ್ಥ ಕೊಟ್ಟು, ಒಂದು ಸಣ್ಣ ಪುಸ್ತಕ ಮಾಡಿ ಆ ಶಾಲೆಗಳಿಗೆ ತಲುಪಿಸುವುದು. ಅಲ್ಲಿನ ಮೇಷ್ಟ್ರುಗಳ ಜೊತೆ ಕೂತು ಮಾಡಿದರೆ ಊರಿನ ಹೊಲ, ಕೆರೆ, ಗಡಿಕಲ್ಲುಗಳ ಹೆಸರೂ ನಮಗೆ ಸಿಗುತ್ತವೆ, ಶಾಸನದ ಎಷ್ಟೋ ಸ್ಥಳನಾಮಗಳಿಗೆ ಉತ್ತರವೂ ಸಿಗಬಹುದು. ಹೆಂಜೇರಿನಿಂದ ಹೊರಗೆ ಹೋದ ಕಂಬಗಳನ್ನು ನಾವು ತರಲಾರೆವು, ಓದಿದ್ದನ್ನಾದರೂ ಹಿಂದಕ್ಕೆ ಕೊಡಬಹುದು. ಈ ಕೆಲಸವನ್ನು ಯಾರು, ಹೇಗೆ ಶುರುಮಾಡಬೇಕು ಅನ್ನುವುದನ್ನು ನಿಮ್ಮೆಲ್ಲರ ಚರ್ಚೆಗೆ ಬಿಡುತ್ತೇನೆ.