ಹೆಡ್ಡು, ಬೆಲ್ಟು, ಲಗ್ನದ ಕ್ಯಾಸೆಟ್ಟು

ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರಿನಲ್ಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಅದಕ್ಕಿಂತ ಆರು ವರ್ಷ ಮೊದಲೇ ಜನ ಟಿವಿ ಮುಂದೆ ಕೂತಿದ್ದರು. ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೊ 1975ರ ಆಗಸ್ಟಿನಿಂದ ಒಂದು ವರ್ಷ ನಡೆಸಿದ ಸೈಟ್ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದುಕೊಂಡದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಪ್ರಯೋಗ ಮುಗಿದ ಮರುವರ್ಷವೇ ಗುಲಬರ್ಗಾದಲ್ಲಿ ಟಿವಿ ಪ್ರಸಾರ ಕೇಂದ್ರ ಬಂತು.

ಆದರೂ ಆ ಪರದೆಯ ಮೇಲೆ ಬರುತ್ತಿದ್ದವರು ಬೇರೆಯವರು. ಸೈಟ್‌ನ ಕನ್ನಡ ಕಾರ್ಯಕ್ರಮಗಳೂ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಸುರಪುರದ ಓಣಿಯ ಮುದುಕಿ, ಶಹಾಪುರದ ಹತ್ತಿ ಅಡತಿಯ ಹಮಾಲ, ಯಾದಗಿರಿ ಸ್ಟೇಷನ್ನಿನ ಮುಂದಿನ ಟಾಂಗಾದವ ತಮ್ಮನ್ನು ತಾವೇ ಟಿವಿಯಲ್ಲಿ ಕಂಡದ್ದು ಲಗ್ನಕ್ಕೆ ವಿಡಿಯೋ ತೆಗೆಸುವ ರೂಢಿ ಬಂದ ಮೇಲೆ. ಆ ವಿಡಿಯೋ ತೆಗೆದ ಕ್ಯಾಮರಾ, ರೆಕಾರ್ಡರುಗಳನ್ನು ಮತ್ತೆ ಜೀವಕ್ಕೆ ತರುವುದು ಈಗ ನನ್ನ ಕೆಲಸ.

ಸುರಪುರ ಚಿತ್ರಕ್ಕೆ ಹೆಸರಾದ ಊರು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಲಾವಿದರು ಇಲ್ಲಿ ದೇವರನ್ನೂ ಅರಸರನ್ನೂ ಬಂಗಾರದ ರೇಕು ಹಚ್ಚಿ ಬರೆದರು. 1841ರ ನಂತರ ಹನ್ನೆರಡು ವರ್ಷ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ತನ್ನ ಆತ್ಮಕಥೆಯಲ್ಲಿ ಈ ಸಂಸ್ಥಾನದ ಬಗ್ಗೆ ದಂಡಿಯಾಗಿ ಬರೆದಿದ್ದಾನೆ. ಅರಸರದು ಉಳಿಯಿತು, ಸಾಹೇಬನದೂ ಉಳಿಯಿತು. ಉಳಿದವರ ಮನೆಯಲ್ಲಿ ಹಂದರ ಹೇಗೆ ಹಾಕುತ್ತಿದ್ದರು, ಬೀಗರನ್ನು ಯಾವ ಮಾತಿನಿಂದ ಕರೆಯುತ್ತಿದ್ದರು, ಸುರಗಿ ಸುತ್ತುವಾಗ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂಬುದು ನಡೆನುಡಿಯ ಸಮೇತ ದಾಖಲಾದದ್ದು ವಿಎಚ್‌ಎಸ್ ಟೇಪಿನ ಮೇಲೆ ಎಂದು ನಾನು ನಂಬಿದ್ದೇನೆ.

ಹೊತ್ತು ತಿರುಗುವ ವಿಡಿಯೋ ಎಂದರೆ ಮೊದಲು ಎರಡು ತುಂಡಿನ ಯಂತ್ರ. 1967ರಲ್ಲಿ ಸೋನಿಯ ಪೋರ್ಟಾಪ್ಯಾಕ್ ಬಂದಾಗಿನಿಂದ ಪದ್ಧತಿ ಅದೇ: ಕೈಯಲ್ಲಿ ಕ್ಯಾಮರಾ, ಹೆಗಲಿಗೆ ರೆಕಾರ್ಡರು, ನಡುವೆ ದಪ್ಪ ಕೇಬಲ್. 1976ರಲ್ಲಿ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ ತಂದಿತು. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ದೇಶಕ್ಕೆ ಬಣ್ಣದ ಟಿವಿ ಬಂತು. ಅದರ ಬೆನ್ನಿಗೆ ಬಾಡಿಗೆ ವಿಸಿಪಿ, ರಾತ್ರಿಯಿಡೀ ರಾಜಕುಮಾರ್ ಸಿನಿಮಾ. ಎಂಬತ್ತರ ದಶಕದ ನಡುವಿನಲ್ಲಿ ಕ್ಯಾಮರಾ, ರೆಕಾರ್ಡರು ಎರಡೂ ಒಂದೇ ಡಬ್ಬಿಯೊಳಗೆ ಸೇರಿದವು. ನ್ಯಾಷನಲ್ ಪ್ಯಾನಸೋನಿಕ್‌ನ ಎಂ-7, ಆಮೇಲೆ ಎಂ-1000, ಎಂ-3000, ಎಂ-9000: ನಮ್ಮ ದಂಧೆಯವರ ಬಾಯಲ್ಲಿ ಇವು ಮನೆಮಕ್ಕಳ ಹೆಸರಿನಂತೆ ಓಡಾಡಿದವು. ಕ್ಯಾಮರಾದವನ ಹಿಂದೆ ಸಾವಿರ ವ್ಯಾಟಿನ ಹಾಲೋಜನ್ ಹಿಡಿದ ಹುಡುಗ, ಅವನ ಹಿಂದೆ ವೈರು ಎಳೆಯುವವ, ಹಂದರದ ಆಚೆ ಜನರೇಟರು. ಆ ಲೈಟಿನ ಧಗೆಗೆ ಮದುಮಗಳ ಅರಿಷಿಣ ಬೆವರಿನಲ್ಲಿ ಇಳಿಯುವುದು ಎಷ್ಟೋ ಕ್ಯಾಸೆಟ್ಟುಗಳಲ್ಲಿ ಇವತ್ತಿಗೂ ಕಾಣುತ್ತದೆ.

ಶೂಟಿಂಗ್ ಮುಗಿದ ಕ್ಯಾಸೆಟ್ಟಿಗೆ ರಾ ಎನ್ನುತ್ತಿದ್ದೆವು. ರಾ ಕ್ಯಾಸೆಟ್ಟು ಮಿಕ್ಸಿಂಗಿಗೆ ಹೋಗುತ್ತಿತ್ತು. ಎರಡು ವಿಸಿಆರ್, ನಡುವೆ ಎಂಎಕ್ಸ್-12 ಥರದ ಮಿಕ್ಸರು. ಮದುಮಗಳ ಮುಖ ಹೃದಯದ ಆಕಾರದೊಳಗೆ ಬರುವುದು, ಪುಟ ಮಗುಚಿದಂತೆ ದೃಶ್ಯ ಬದಲಾಗುವುದು ಎಲ್ಲ ಅಲ್ಲಿ. ಹಾಗೆ ಮಾಡುವಾಗ ಮೂಲದ ದನಿಯನ್ನು ಪೂರ್ತಿ ತೆಗೆದು ಸಿನಿಮಾ ಹಾಡು ಹಾಕುತ್ತಿದ್ದರು. ಖಾಲಿ ಕ್ಯಾಸೆಟ್ಟು ತುಟ್ಟಿ. ಹಾಗಾಗಿ ರಾ ಕ್ಯಾಸೆಟ್ಟಿನ ಮೇಲೆ ಮುಂದಿನ ಲಗ್ನ ಎತ್ತುತ್ತಿದ್ದರು. ಹೀಗೆ ಈ ಸೀಮೆಯ ಎಷ್ಟು ಸೋಬಾನದ ಪದ, ಎಷ್ಟು ಮಂದಿ ಅಜ್ಜಂದಿರ ಮಾತು ಅಳಿದುಹೋದವೋ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಿಕ್ಸಿಂಗಿಗೆ ದುಡ್ಡು ಹೊಂದಿಸಲಾರದೆ ರಾ ಕ್ಯಾಸೆಟ್ಟನ್ನೇ ಮನೆಗೊಯ್ದ ಬಡವರ ಹತ್ತಿರ ದನಿ ಉಳಿದಿದೆ. ಸಾಹುಕಾರರ ಮನೆಯ ಕ್ಯಾಸೆಟ್ಟು ಹಾಕಿದರೆ ಸಿನಿಮಾ ಹಾಡು ಕೇಳುತ್ತದೆ. ಕೂಲಿಯವರ ಮನೆಯದನ್ನು ಹಾಕಿದರೆ ಓಣಿಯೇ ಮಾತಾಡುತ್ತದೆ. ಕೆಂಭಾವಿ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಗಾಡಿಯಲ್ಲಿ ಅಂಥದ್ದೊಂದು ತಂದಳು.

“ಯಪ್ಪಾ, ಇದ್ರಾಗ ನಮ್ಮವ್ವ ಹಾಡ್ಯಾಳ. ಚಿತ್ರ ಬರದಿದ್ರೂ ನಡೀತದ, ಆಕಿ ದನಿ ಒಮ್ಮಿ ಕೇಳ್ಸು.”

“ಕುಂದ್ರು ಯವ್ವಾ. ಮೊದ್ಲ ಬೂಸು ತಗೀಬೇಕು, ಆಮ್ಯಾಗ ಹಚ್ಚಿ ನೋಡೋಣು.”

ಅರ್ಧ ಇಂಚು ಅಗಲದ ಆ ಟೇಪಿನಲ್ಲಿ ದನಿ ಇರುವುದು ಮೇಲಂಚಿನ ಒಂದು ಮಿಲಿಮೀಟರ್ ಪಟ್ಟಿಯಲ್ಲಿ. ಅಂಚು ಮುದುಡಿದರೆ ಚಿತ್ರ ಚೆನ್ನಾಗಿದ್ದೂ ಮಾತು ಹೋಗುತ್ತದೆ. ಅವಳ ಟೇಪಿನ ಅಂಚು ನೆಟ್ಟಗಿತ್ತು. ಬೂಸು ಒರೆಸಿ ಹಾಕಿದಾಗ ಹಾಡು ಬಂತು. ಬೀಗರ ಹೆಸರು ಹಿಡಿದು ಹಿಡಿದು ಹಾಡುವ ಪದ. ಅಜ್ಜಿ ಪರದೆ ನೋಡಲಿಲ್ಲ. ತಲೆ ತಗ್ಗಿಸಿ, ಸೆರಗು ಬಾಯಿಗೆ ಹಿಡಿದು, ಕೊನೆಯ ಸೊಲ್ಲಿಗೆ ತಾನೂ ದನಿಗೂಡಿಸಿದಳು.

ಚಿತ್ರದ ಕಥೆಯೇ ಬೇರೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿಯುತ್ತದೆ, ಅಷ್ಟೇ. ಆ ನಿಧಾನದಲ್ಲಿ ಚಿತ್ರ ಬರೆಯಲಾಗದು. ಅದಕ್ಕೇ ಓರೆಯಾಗಿ ಕೂತ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಎದುರುಬದುರಿನ ಎರಡು ಹೆಡ್ಡುಗಳು ಟೇಪಿನ ಮೇಲೆ ಓರೆಗೆರೆ ಎಳೆಯುತ್ತ ಹೋಗುತ್ತವೆ. ಒಂದು ಗೆರೆಯ ಅಗಲ 49 ಮೈಕ್ರಾನ್. ಒಂದು ಸುತ್ತಿಗೆ ಒಂದು ಪೂರ್ಣ ಚಿತ್ರ, ಸೆಕೆಂಡಿಗೆ 25. ಹೆಡ್ಡಿನ ತುದಿಗೆ ಬೂಸಿನ ಒಂದು ಕಣ ಮೆತ್ತಿದರೂ ಪರದೆ ತುಂಬ ಬಿಳಿ ಚುಕ್ಕೆ. ಚಮೋಯಿ ಚರ್ಮಕ್ಕೆ ಐಸೋಪ್ರೊಪೈಲ್ ಹಚ್ಚಿ, ಡ್ರಮ್ಮಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ಮೆಲ್ಲಗೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯಿತು, ಕ್ಯಾಮರಾ ಸತ್ತಿತು.

ವರ್ಷಾನುಗಟ್ಟಲೆ ಅಟ್ಟದ ಮೇಲಿದ್ದ ಯಂತ್ರಕ್ಕೆ ತಂದ ತಕ್ಷಣ ಕರೆಂಟು ಕೊಡಬಾರದು. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಮಾಳಿಗೆಯಡಿ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿರುತ್ತದೆ, ಪಿಂಚ್ ರೋಲರು ಗಾಜಿನಂತೆ ನುಣುಪಾಗಿ ಟೇಪನ್ನು ಹಿಡಿಯುವುದಿಲ್ಲ, ಗ್ರೀಸು ಮೇಣವಾಗಿರುತ್ತದೆ. ಎಂಬತ್ತರ ದಶಕದ ಕೊನೆಯ ನಂತರದ ಕ್ಯಾಮರಾಗಳಲ್ಲಿ ಬೋರ್ಡಿನ ಸಣ್ಣ ಕೆಪಾಸಿಟರುಗಳು ಸೋರಿ ತಾಮ್ರ ತಿನ್ನುತ್ತವೆ. ಬೆಸುಗೆಯ ಕಾವಿ ಇಟ್ಟರೆ ಮೀನಿನ ವಾಸನೆ ಬರುತ್ತದೆ, ಅದೇ ಗುರುತು. ಅವನ್ನು ಕಿತ್ತು ಹೊಸವು ಹಾಕಿದ ಮೇಲೆ ಎಷ್ಟೋ ಕ್ಯಾಮರಾ ಎದ್ದಿವೆ. ಇನ್ನೂ ಹಳೆಯ, ಟ್ಯೂಬು ಇರುವ ಕ್ಯಾಮರಾದಲ್ಲಿ ಯಾರೋ ಸೂರ್ಯನ ಕಡೆ ಹಿಡಿದಿದ್ದರೆ ಟ್ಯೂಬಿನಲ್ಲಿ ಸುಟ್ಟ ಕಲೆ ಕೂತಿರುತ್ತದೆ. ಅದಕ್ಕೆ ಔಷಧಿಯಿಲ್ಲ.

ಬಿಡಿಭಾಗಕ್ಕೆ ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿನ ಕೋಠಿಗೆ, ಗುಜರಾತಿ ಗಲ್ಲಿಗೆ ಹೋಗುತ್ತೇನೆ. ಹೊಸ ಹೆಡ್ಡು ಸಿಗುವುದಿಲ್ಲ. ಜಪಾನಿನ ಫುನಾಯಿ ಕಂಪನಿ 2016ರ ಜುಲೈಯಲ್ಲಿ ಕೈಬಿಟ್ಟ ಮೇಲೆ ವಿಎಚ್‌ಎಸ್ ಯಂತ್ರ ಮಾಡುವವರೇ ಇಲ್ಲ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದೇ ದಾರಿ. ಹಾಗಾಗಿ ಗುಜರಿಗೆ ಬಂದ ಕ್ಯಾಮರಾ ಎಷ್ಟೇ ಕೆಟ್ಟಿರಲಿ, ಬಿಡುವುದಿಲ್ಲ.

ನನಗೆ ಬಹಳ ಬೇಕಾದದ್ದು ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಕ್ಯಾಸೆಟ್ಟುಗಳು. ಹಾಲೋಕುಳಿಯಲ್ಲಿ ಹುಡುಗರು ಎತ್ತರದ ಕಂಬ ಏರುವುದು, ಮೇಲಿನಿಂದ ನೀರು ಸುರಿಯುವುದು, ಜಾರಿ ಬಿದ್ದವ ಮತ್ತೆ ಏರುವುದು. ಆಗಿನವರ ಏರುವ ಪಟ್ಟು, ಸುತ್ತ ನಿಂತವರ ಕೂಗು ಎರಡೂ ರಾ ಕ್ಯಾಸೆಟ್ಟಿನಲ್ಲಿ ಮಾತ್ರ ಸಿಗುತ್ತವೆ. ಲೇಬಲ್ ಇಲ್ಲದ ಕ್ಯಾಸೆಟ್ಟೇ ಇರಲಿ, ತನ್ನಿ. ಕಿಟಕಿಯೊಳಗೆ ಬಿಳಿ ಪುಡಿಯಂಥ ಬೂಸು ಕಂಡರೆ ಯಾವ ವಿಸಿಆರಿಗೂ ಹಾಕಬೇಡಿ. ಹೆಡ್ಡಿನಿಂದ ಹೆಡ್ಡಿಗೆ, ಟೇಪಿನಿಂದ ಟೇಪಿಗೆ ಅದು ಹಬ್ಬುತ್ತದೆ.

ಸದ್ಯ ಮೇಜಿನ ಮೇಲಿರುವುದು ಎರಡು ತುಂಡಿನ ಕಾಲದ ಒಂದು ಎನ್‌ವಿ-180 ಹೆಗಲ ರೆಕಾರ್ಡರು. ಡ್ರಮ್ಮು ತಿರುಗುತ್ತಿದೆ, ಟೇಪು ಎಳೆಯುತ್ತಿದೆ. ಕ್ಯಾಮರಾಕ್ಕೆ ಜೋಡಿಸುವ ಹತ್ತು ಪಿನ್ನಿನ ಕೇಬಲ್ ಇಲ್ಲ. ಶಹಾಪುರದ ಹಳೆಯ ಸ್ಟುಡಿಯೋದವರನ್ನು ಕೇಳಿದ್ದೇನೆ, ಹುಡುಕಿಸುತ್ತಿದ್ದಾರೆ.