ಭೂಮಿಯಿಲ್ಲದ ಬಿಡುಗಡೆ

1865ರ ಜನವರಿ 12ರಂದು ಅಮೆರಿಕದ ಸವಾನಾ ನಗರದಲ್ಲಿ ಕಪ್ಪುಜನರ ಇಪ್ಪತ್ತು ಮಂದಿ ಧರ್ಮಬೋಧಕರು ದಂಡನಾಯಕ ಷರ್ಮನ್ ಹಾಗೂ ಯುದ್ಧಮಂತ್ರಿ ಸ್ಟ್ಯಾಂಟನ್ ಇವರನ್ನು ಕಂಡರು. ಅವರ ಪರವಾಗಿ ಮಾತನಾಡಿದವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ಎಂಟು ವರ್ಷಗಳ ಹಿಂದೆ ಸಾವಿರ ಡಾಲರು ಬೆಳ್ಳಿಬಂಗಾರ ತೆತ್ತು ತಮ್ಮನ್ನೂ ತಮ್ಮ ಪತ್ನಿಯನ್ನೂ ಒಡೆಯನಿಂದ ಕೊಂಡುಕೊಂಡವರು ಅವರು. ನಿಮ್ಮ ಜನರ ಮುಂದಿನ ಬಾಳಿಗೆ ಏನು ಬೇಕೆಂದು ಕೇಳಿದಾಗ, ಉಳಲು ಭೂಮಿ ಬೇಕು, ದುಡಿದು ಮುಂದೆ ಅದನ್ನು ಕೊಂಡುಕೊಳ್ಳುತ್ತೇವೆ ಎಂದರು. ಅವರು ಬೇಡಿದ್ದು ದಾನವನ್ನಲ್ಲ.

ನಾಲ್ಕು ದಿನಗಳಲ್ಲೇ ಷರ್ಮನ್ ಆಜ್ಞೆ ಹೊರಟಿತು. ಕಡಲತೀರದ ಭೂಮಿಯಲ್ಲಿ ಕುಟುಂಬವೊಂದಕ್ಕೆ 40 ಎಕರೆಯವರೆಗೆ ಹಂಚಬೇಕೆಂದು ಅದರ ತಾತ್ಪರ್ಯ. ಜೂನ್ ವೇಳೆಗೆ ಸುಮಾರು 40,000 ಜನ ಅಲ್ಲಿ ನೆಲೆಯೂರಿದ್ದರು. ಆದರೆ ಏಪ್ರಿಲ್‌ನಲ್ಲಿ ಲಿಂಕನ್ ಹತರಾಗಿದ್ದರು. ಅವರ ನಂತರ ಅಧ್ಯಕ್ಷರಾದ ಆಂಡ್ರೂ ಜಾನ್ಸನ್, ದಂಗೆಯೆದ್ದ ಜಮೀನ್ದಾರರನ್ನು ಕ್ಷಮಿಸಿ ಅವರ ಭೂಮಿಯನ್ನು ಅವರಿಗೇ ಮರಳಿಸಿದರು. ಅದೇ ಅಕ್ಟೋಬರ್‌ನಲ್ಲಿ ಎಡಿಸ್ಟೊ ದ್ವೀಪದ ಚರ್ಚಿನಲ್ಲಿ ನೆರೆದ ಜನಕ್ಕೆ ಈ ಸುದ್ದಿಯನ್ನು ಹೇಳಬೇಕಾಗಿ ಬಂದುದು, ಅವರ ಹಿತಕ್ಕೆಂದೇ ನೇಮಕವಾದ ಇಲಾಖೆಯ ಮುಖ್ಯಸ್ಥ ಹೊವಾರ್ಡ್ ಪಾಲಿಗೆ. ಒಡೆಯರನ್ನು ಕ್ಷಮಿಸಿರೆಂದು ಅವರು ಕೋರಿದರು. ತನ್ನನ್ನು ಮರಕ್ಕೆ ಕಟ್ಟಿ 39 ಛಡಿಯೇಟು ಕೊಟ್ಟವನನ್ನು ಕ್ಷಮಿಸುವ ಬಗೆ ಹೇಗೆಂದು ದ್ವೀಪದ ಜನರ ಪತ್ರ ಕೇಳಿತು.

ಪರಿಹಾರಧನವೆಂಬುದು ಇರಲೇ ಇಲ್ಲವೆಂದಲ್ಲ. 1862ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗುಲಾಮನೊಬ್ಬನಿಗೆ 300 ಡಾಲರ್‌ವರೆಗೆ ಕೊಡಲಾಯಿತು; ಒಡೆಯನಿಗೆ! ತಮ್ಮ ವಸಾಹತುಗಳ ಒಡೆಯರಿಗಾಗಿ ಬ್ರಿಟಿಷರು 1833ರಲ್ಲೇ 2 ಕೋಟಿ ಪೌಂಡು ತೆಗೆದಿರಿಸಿದ್ದರು.

ಮನುಷ್ಯನನ್ನು ಸ್ವತ್ತೆಂದು ಎಣಿಸಿದ ಕಾಲ ನಮ್ಮಲ್ಲೂ ಇತ್ತು. ಅದನ್ನು ಮರೆಮಾಚುವುದು ಸಲ್ಲದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಬಂಗಾರ, ಧಾನ್ಯಗಳ ಸಾಲಿನಲ್ಲೇ ದಾಸೀದಾಸರನ್ನೂ ಹೆಸರಿಸುತ್ತದೆ. ಗೃಹಸ್ಥನಿಗೆ ಅಲ್ಲಿ ವಿಧಿಸಿರುವುದು ಮಿತಿಯೇ ಹೊರತು ನಿಷೇಧವಲ್ಲ.

ಭೂಮಿ ಕೈತಪ್ಪಿದ ಕುಟುಂಬಗಳು ಹಳೆಯ ಒಡೆಯರ ಹೊಲಗಳಲ್ಲೇ ಕೋರಿಗೆ ದುಡಿಯತೊಡಗಿದವು. ಬೆಳೆದುದರಲ್ಲಿ ಹೆಚ್ಚಾಗಿ ಅರ್ಧ ಪಾಲು ಭೂಮಾಲೀಕನಿಗೆ. ಹತ್ತಿ ಕೈಸೇರುವವರೆಗಿನ ಹಿಟ್ಟು, ಬಟ್ಟೆ, ಬಿತ್ತನೆಬೀಜಗಳೆಲ್ಲ ಅಂಗಡಿಯಿಂದ ಉದ್ರಿ. ಬೆಳೆಯಬೇಕಾದ ಹತ್ತಿಯೇ ಅಡವು. ಉದ್ರಿಯ ಬೆಲೆ ನಗದಿನ ಬೆಲೆಗಿಂತ ಹೆಚ್ಚು, ಅದರ ಮೇಲೆ ಬಡ್ಡಿ. ಹತ್ತಿಯ ದರ ಕುಸಿದ ವರ್ಷ ಬಾಕಿ ಮುಂದಿನ ವರ್ಷಕ್ಕೆ ದಾಟುತ್ತಿತ್ತು. ನಾವು ಜೀತವೆಂದು ಬಲ್ಲುದಕ್ಕೆ ಇದು ಬಹಳ ದೂರದ್ದಲ್ಲ. ಬಡ ಬಿಳಿಯ ರೈತರೂ ಸಾವಿರಾರು ಸಂಖ್ಯೆಯಲ್ಲಿ ಇದೇ ಸಾಲಕ್ಕೆ ಸಿಲುಕಿದರು. ಆದರೂ ವರ್ಣಾಭಿಮಾನವು ಇಬ್ಬರನ್ನೂ ಬಹುಕಾಲ ಒಂದಾಗಗೊಡಲಿಲ್ಲ.

ಇಲ್ಲಿ ವ್ಯಾಪಾರವೃತ್ತಿಯ ಶ್ರಾವಕರಿಗೆ ನೇರವಾಗಿ ತಟ್ಟುವ ಪ್ರಶ್ನೆಯೊಂದಿದೆ. ಸುಳ್ಳು ಲೆಕ್ಕ ಬರೆದ ಅಂಗಡಿಕಾರನ ದೋಷ ಸ್ಪಷ್ಟ: ಅದು ಕೂಟಲೇಖಕ್ರಿಯೆ. ಅಳತೆಯಲ್ಲಿ ಮೋಸಗೈದವನು ಅಚೌರ್ಯವ್ರತಕ್ಕೆ ಎರವಾದವನು. ಆದರೆ ತೂಕ ಸರಿಯಾಗಿದ್ದು, ಕೂಡಿಸಿ ಕಳೆದುದರಲ್ಲಿ ಒಂದು ಕಾಸೂ ತಪ್ಪದಿದ್ದು, ಆ ಪುಸ್ತಕವೇ ಒಂದು ಕುಟುಂಬವನ್ನು ಹೊಲಕ್ಕೆ ಕಟ್ಟಿಹಾಕಿದ್ದರೆ? ಅಂಥ ಲೆಕ್ಕವನ್ನು ಸತ್ಯವ್ರತದ ಒರೆಗಲ್ಲಿಗೆ ಹಚ್ಚಿ ಸುಮ್ಮನಾಗುವುದು ಸಾಲದು. ಅದು ಅಹಿಂಸಾಣುವ್ರತದ ಅತಿಚಾರಗಳಲ್ಲೊಂದಾದ ಅತಿಭಾರಾರೋಪಣಕ್ಕೆ ಸೇರತಕ್ಕದ್ದು. ಹೊರೆಯನ್ನು ಎತ್ತಿನ ಬೆನ್ನಿನ ಮೇಲೆಯೇ ಹೇರಬೇಕೆಂದಿಲ್ಲ.

ಗುಲಾಮರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳ ಕಾನೂನು ಮೊದಲೇ ನಿಷೇಧಿಸಿತ್ತು. ಆದ್ದರಿಂದ ಅಂಗಡಿಯ ಪುಸ್ತಕವನ್ನು ಓದಬಲ್ಲವರು ವಿರಳ. ಬಿಡುಗಡೆಯಾದವರು ಕಟ್ಟಿಕೊಂಡ ಶಾಲೆಗಳಲ್ಲಿ ಮುದುಕರೂ ಮಕ್ಕಳೂ ಒಟ್ಟಿಗೆ ಕುಳಿತು ಕಲಿತರು. 1870ರಲ್ಲಿ ಅಮೆರಿಕದ ಕಪ್ಪುಜನರಲ್ಲಿ ನೂರಕ್ಕೆ ಸುಮಾರು 80 ಮಂದಿ ಅನಕ್ಷರಸ್ಥರು. 1900ರಲ್ಲಿ ಸುಮಾರು 45. ಅಷ್ಟರಲ್ಲಿ, 1890ರ ಮಿಸಿಸಿಪ್ಪಿ ಸಂವಿಧಾನದಿಂದ ಮೊದಲುಗೊಂಡು, ಓದುಬರಹದ ಪರೀಕ್ಷೆಯ ನೆಪದಲ್ಲೇ ಅವರ ಮತವನ್ನು ಕಸಿಯುವ ಕೆಲಸ ಆರಂಭವಾಗಿತ್ತು.